ಅನ್ಸಿಫ್‌ನ ಮೊಣಕೈ

ಆಗಸ್ಟಿನ್: ನಿಮ್ಮ ಮಗ ಎಸೀತಾನೆ ಬ್ಯಾರಿಗಳೇ. ನಾನು ಕಣ್ಣಾರೆ ಕಂಡಿದ್ದೇನೆ.

ಅದ್ದು: ಮೊದ್ಲು ಅಂಗಡಿಯಿಂದ ಇಳೀರಿ ಪೊರ್ಬುಗಳೇ.

ಆಗಸ್ಟಿನ್: ಅಯ್ಯೋ, ನಾನು ಹೊಗಳ್ತಾ ಇರುವುದು ಮಾರಾಯ್ರೆ.

ಅದ್ದು: ಮೂರು ವರ್ಷದ ಹಿಂದೆ ಸಹ ಇದನ್ನೇ ಹೇಳಿದ್ದು ನೀವು. ಆಗ ಅದು ಹೊಗಳಿಕೆ ಆಗಿರ್ಲಿಲ್ಲ.

ದುಬೈಗೆ ಬಂದು ತಲೆಗೂದಲು ಹಣ್ಣಾದರೂ ಇವರಿಬ್ಬರೂ ಒಬ್ಬರಿಗೊಬ್ಬರು ಬಂಟ್ವಾಳದ ಮುಸ್ಲಿಂ ‘ಬ್ಯಾರಿಗಳು’, ಕ್ರೈಸ್ತ ‘ಪೊರ್ಬುಗಳು’ ಆಗಿಯೇ ಉಳಿದಿದ್ದರು. ಅಲ್ ಮುರಕ್ಕಬಾತ್‌ನಲ್ಲಿ ಅದ್ದು ಅವರದು ಸೂಟ್‌ಕೇಸ್ ಅಂಗಡಿ. ಅಲ್ಲಿ ಆಗಸ್ಟಿನ್‌ಗೆ ಕೂರಲು ಸಿಕ್ಕಿದ್ದು ಚಕ್ರವಿದ್ದ ಒಂದು ಪೆಟ್ಟಿಗೆ. ಮಾತು ಬಿಸಿಯಾದಂತೆಲ್ಲ ಅದು ಅವರನ್ನು ಮೆಲ್ಲಗೆ ಬಾಗಿಲ ಕಡೆಗೆ ಒಯ್ಯುತ್ತಿತ್ತು.

ದುಬೈಯದೇ ಇನ್ನೊಂದು ಬಡಾವಣೆ ಕರಾಮದ ಕ್ರಿಕೆಟ್ ಪಂದ್ಯದಲ್ಲಿ ಅಂಪೈರ್ ಆಗಿದ್ದ ಆಗಸ್ಟಿನ್, ಅದ್ದು ಅವರ ಮಗ ಅನ್ಸಿಫ್ ಕೈ ಮಡಚಿ ಚೆಂಡು ಎಸೆಯುತ್ತಾನೆಂದು ನೋಬಾಲ್ ಮೇಲೆ ನೋಬಾಲ್ ಕೊಟ್ಟು ಮೈದಾನದಿಂದಲೇ ಕಳಿಸಿದ್ದರು. ಈಗ ಆಗಸ್ಟಿನ್ ಕೆಲಸದಲ್ಲಿದ್ದ ಪೈಪ್ ಕಂಪನಿಗೆ ಬಂದ ಹೊಸ ಬಾಸ್‌ಗೆ ಬೇಸ್‌ಬಾಲ್ ಹುಚ್ಚು. ಬ್ಯಾಟು, ಬಾಲು ಎರಡನ್ನೂ ಹತ್ತಿರದಿಂದ ಕಂಡವರು ಎಂಬ ಒಂದೇ ಅರ್ಹತೆಯ ಮೇಲೆ ಆಗಸ್ಟಿನ್ ತಂಡದ ಮ್ಯಾನೇಜರ್ ಆಗಿದ್ದರು. ಶುಕ್ರವಾರ ಸೀಸನ್ ಶುರು. ಅಷ್ಟರೊಳಗೆ ಚೆಂಡು ಎಸೆಯುವವ, ಅಂದರೆ ಪಿಚರ್, ಸಿಗದಿದ್ದರೆ ಮ್ಯಾನೇಜರ್ ಪಟ್ಟ ಅಕೌಂಟ್ಸ್‌ನ ರಂಜಿತ್‌ಗೆ. ರಂಜಿತ್ ಆಗಲೇ ಟೋಪಿ ಕೊಂಡಿದ್ದ.

ಅದ್ದು: ನಿಮ್ಮ ತಂಡದಲ್ಲಿ ಜನ ಇಲ್ವಾ?

ಆಗಸ್ಟಿನ್: ಇದ್ದಾರೆ. ಎಲ್ಲ ಹಾಲುಹಲ್ಲಿನವು. ತಂಡದ ಅಜ್ಜ ಶರ್ವಿನ್, ಅವನಿಗೆ ಇಪ್ಪತ್ತಮೂರು. ಎಳೆಯ ತಂಡ, ಭವಿಷ್ಯ ಉಂಟು ಅಂತಾರೆ ಬಾಸ್. ಭವಿಷ್ಯ ಉಂಟು, ಶುಕ್ರವಾರ ಇಲ್ಲ.

ಅದ್ದು: ಶರ್ವಿನ್ ಎಸೆಯೋದಿಲ್ವಾ?

ಆಗಸ್ಟಿನ್: ನಿಂತಲ್ಲಿಂದ ಎಸೀಬೇಕಾದ ಚೆಂಡು. ಇವ ಪಾರ್ಕಿಂಗಿನಿಂದ ಓಡಿ ಬಂದು ನೆಲಕ್ಕೆ ಕುಟ್ಟುತ್ತಾನೆ. ಡ್ಯಾರಲ್ ಅಂತೂ ಎದುರಿನವನ ಕಾಲಿಗೆ ಹೊಡೆದು, ಔಟ್ ಕೊಡಿ ಅಂತ ಕೈ ಎತ್ತುತ್ತಾನೆ. ಆ ಆಟದಲ್ಲಿ ಕಾಲಿಗೆ ತಾಗಿದ್ರೆ ಪೆಟ್ಟು ತಿಂದವನಿಗೆ ಪುಕ್ಕಟೆ ಒಂದು ಬೇಸ್, ಅಂದ್ರೆ ರನ್ನಿನ ದಾರಿಯ ಮೊದಲ ಮೆಟ್ಟಿಲು. ಅವ ಆರಾಮದಲ್ಲಿ ನಡೆದು ಹೋಗ್ತಾನೆ, ಇವ ಔಟ್ ಕೇಳ್ತಾನೇ ಇರ್ತಾನೆ.

ಅದ್ದು: ಅಂದ್ರೆ ನಿಮ್ಗೆ ಬೇಕಾದ್ದು ಕೈ ಮಡಚಿ ಎಸೆಯುವವ.

ಆಗಸ್ಟಿನ್: ಹೌದು. ಅಲ್ಲಿ ಅದು ತಪ್ಪಲ್ಲ, ಅದೇ ವಿದ್ಯೆ.

ಅದ್ದು: ನನ್ನ ಮಗ ಎಸೆಯೋದಿಲ್ಲ. ಕರಾಮದಲ್ಲಿ ಇವತ್ತಿಗೂ ನನ್ನ ಅಂಗಡಿಯ ಗುರುತು ಹೇಗೆ ಹೇಳ್ತಾರೆ ಗೊತ್ತುಂಟಾ? ಆ ಎಸೆಯುವವನ ಅಪ್ಪನ ಅಂಗಡಿ ಅಂತ. ನೀವು ಇಟ್ಟ ಹೆಸರು. ಅವ ಎಸೆಯೋದಿಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ, ಕಳಿಸ್ತೇನೆ.

ಆಗಸ್ಟಿನ್: ಎಸೆಯೋದಿಲ್ಲ ಅಂದ್ರೆ ನನಗೆ ಅವ ಯಾಕೆ?

ಅದ್ದು: ಎಸೀತಾನೆ ಅಂದ್ರೆ ನಾನು ಯಾಕೆ ಕಳಿಸ್ಲಿ?

ಪೆಟ್ಟಿಗೆ ಈಗ ಹೊಸ್ತಿಲು ಮುಟ್ಟಿತ್ತು. ಆಗಸ್ಟಿನ್ ಕಣ್ಣಮುಂದೆ ರಂಜಿತ್‌ನ ಟೋಪಿ ಹಾದುಹೋಯಿತು. ಅವರು ಎದ್ದು ನಿಂತು, ಗಿರಾಕಿಗಳಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡರು.

ಆಗಸ್ಟಿನ್: ಅನ್ಸಿಫ್ ಎಸೆಯೋದಿಲ್ಲ. ಅವನ ಕೈ ಮೇಣದ ಬತ್ತಿಯ ಹಾಗೆ ನೆಟ್ಟಗೆ ಉಂಟು. ಮಡಚಿದ್ದು ನನ್ನ ಕಣ್ಣು.

ಅದ್ದು: ಖಲಾಸ್. ಅನ್ಸಿಫ್, ಬಾ ಮೋನೆ.

ಗೋದಾಮಿನಿಂದ ಹತ್ತೊಂಬತ್ತರ ಅನ್ಸಿಫ್ ಬಂದ. ಆಗಸ್ಟಿನ್ ಜೇಬಿನಲ್ಲಿದ್ದ ಬೇಸ್‌ಬಾಲನ್ನು ಅವನ ಕೈಗಿಟ್ಟರು. ಹುಡುಗ ತೋಳನ್ನು ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ತಿರುಗಿಸಿದ. ಚೆಂಡು ನೆಲಕ್ಕೆ ಬಡಿದು, ಪುಟಿದು, ಮೂಲೆಯಲ್ಲಿ ತೆರೆದಿಟ್ಟ ಸೂಟ್‌ಕೇಸಿನೊಳಗೆ ಬಿತ್ತು. ಕೈ ಕೂದಲೆಳೆಯಷ್ಟೂ ಮಡಚಲಿಲ್ಲ.

ಅದ್ದು: ಹೇಗೆ? ನಿಮ್ಮ ನೋಬಾಲ್ ಆದ ದಿನದಿಂದ ದಿನಾ ಒಂದು ಗಂಟೆ ಆ ಮೊಣಕೈಗೆ ಟ್ರಾಲಿಯ ಹ್ಯಾಂಡಲ್ ಕಟ್ಟಿ ನೆಟ್ಟಗೆ ಮಾಡಿದ್ದು ನಾನು.

ಆಗಸ್ಟಿನ್: ಮಡಚು ಮಗಾ. ಸ್ವಲ್ಪ ಮಡಚು.

ಅನ್ಸಿಫ್: ನೋ ಅಂಕಲ್. ದಟ್ಸ್ ಚೀಟಿಂಗ್. ನೀವೇ ಹೇಳಿದ್ದಲ್ವಾ?

ಆಗಸ್ಟಿನ್ ಪುನಃ ಪೆಟ್ಟಿಗೆಯ ಮೇಲೆ ಕುಸಿದರು. ಅದು ಅವರನ್ನು ಹೊಸ್ತಿಲು ದಾಟಿಸಿ ಫುಟ್‌ಪಾತಿಗೆ ಇಳಿಸಿತು. ಅದ್ದು ಚೆಂಡು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು.

ಅದ್ದು: ಮೊದ್ಲು ಎಷ್ಟು ಕೆಟ್ಟದಾಗಿ ಎಸೀತಿದ್ದ ಅಂತ ನೀವು ಮರ್ತಿರಬೇಕು. ನೋಡಿ, ಹೀಗೆ.

ಅದ್ದು ಅವರ ಮೊಣಕೈ ಮಡಚಿತು, ಬಿಚ್ಚಿತು. ಆಗಸ್ಟಿನ್ ಕಿವಿಯ ಪಕ್ಕದಲ್ಲಿ ಏನೋ ಗಾಳಿ ಸೀಳಿಕೊಂಡು ಹೋಯಿತು. ಅದೇ ಗಳಿಗೆಯಲ್ಲಿ ಫುಟ್‌ಪಾತಿನ ಆಚೆ ತುದಿಯಲ್ಲಿ ಪೇರಿಸಿಟ್ಟಿದ್ದ ಸೂಟ್‌ಕೇಸುಗಳಲ್ಲಿ ಅತಿ ಮೇಲಿನದೊಂದೇ, ಉಳಿದವು ಅಲ್ಲಾಡದಂತೆ, ಹಾರಿ ಕೆಳಗೆ ಬಿತ್ತು. ರಟ್ಟೆಯ ಗುಣ ವಂಶದ್ದು ಎಂಬುದು ಆಗಸ್ಟಿನ್‌ಗೆ ಆಗ ಹೊಳೆಯಿತು. ಎಳೆಯ ತಂಡಕ್ಕೆ ಐವತ್ತಾರರ ಪಿಚರ್.

ಆಗಸ್ಟಿನ್: ಬ್ಯಾರಿಗಳೇ, ಶುಕ್ರವಾರ ನಿಮ್ಗೆ ಪುರ್ಸೊತ್ತುಂಟಾ?

ಅದ್ದು: ಮೊದ್ಲು ಒಂದು ಮಾತು ಹೇಳಿ. ನಾನು ಎಸೀತೇನಾ?

ಆಗಸ್ಟಿನ್: ಛೆ, ನೀವು ಎಸೆಯೋದೇ ಇಲ್ಲ. ಜುಮಾ ನಮಾಜು ಮುಗಿಸಿ ಸೀದಾ ಮೈದಾನಕ್ಕೆ ಬನ್ನಿ. ಟೋಪಿ ನಾನು ರಂಜಿತ್‌ನಿಂದ ತಂದಿಡ್ತೇನೆ.