ಮಾದ ಗೌಡರ ಹರಕೆಯೂ ಅಳಿಯನ ಟ್ರೈಲರೂ

ಭೋಜನ್‌ಗೆ ಆ ವಾರವೆಲ್ಲ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹೆಂಡತಿ ಪಂಕಜಂಳ ತಮ್ಮನ ಮದುವೆ. ಮದುಮಗಳನ್ನು ಅವಳ ಪೆಟ್ಟಿಗೆ ಪಾತ್ರೆಗಳ ಸಮೇತ ಕರೆತರುವ ಗಾಡಿ ಯಾರದಾಗಬೇಕು ಎಂಬ ಮಹಾಪ್ರಶ್ನೆ ಕೀಳ್ ಕೋತಗಿರಿಯ ಮಾವನ ಹಟ್ಟಿಯಲ್ಲಿ ಎದ್ದಿತ್ತು. ಹಳೇ ಡ್ರೈವರ್ ಧರ್ಮಲಿಂಗಂನ ಲಾರಿಯೋ, ಅಳಿಯನ ಹೊಸ ಪಿಕಪ್ಪೋ? ಮಾವ ಮಾದ ಗೌಡರು ಹೇಳಿ ಕಳಿಸಿದ್ದರು: "ಮೊದಲು ಮದುವೆ ಸೌದೆ ಹೇರಿಕೊಂಡು ಬರಲಿ, ನೋಡೋಣ."

ಭೋಜನ್ ನಡುವಟ್ಟದ ಎಸ್ಟೇಟೊಂದರಿಂದ ಟ್ರೈಲರ್ ಎರವಲು ತಂದೇಬಿಟ್ಟ. (ಅದು ಪಿಕಪ್ಪಿಗಿಂತ ಉದ್ದ. ಯಾವುದು ಯಾವುದನ್ನು ಎಳೆಯುತ್ತದೆ ಎಂದು ದಾರಿಹೋಕರು ಕೇಳುತ್ತಿದ್ದರು.) ಅಂದಿನಿಂದ ಮನೆಯಲ್ಲಿ ಟ್ರೈಲರ್ ಶಾಸ್ತ್ರದ ಪ್ರವಚನ ಶುರುವಾಯಿತು.

"ಭಾರ ಮುಂದಕ್ಕಿರಬೇಕು, ಪಂಕಜಂ. ಹಿಂದೆ ಹೆಚ್ಚಾದರೆ ಟ್ರೈಲರ್ ಬಾಲ ಆಡಿಸುತ್ತೆ."

"ಸೌದೆ ಹೇರಿದ್ದು ನಾನು. ಮುಂದೇ ಇದೆ."

"ಕೊಂಡಿಯ ಜೊತೆಗೊಂದು ಸರಪಳಿ."

"ಅದನ್ನ ಬಿಗಿದದ್ದೂ ನಾನೇ."

"ವಂಡಿ ನಿಂತ ತಕ್ಷಣ ಚಕ್ರದ ಹಿಂದೆ ಕಲ್ಲು ಇಡಬೇಕು. ಹ್ಯಾಂಡ್ ಬ್ರೇಕ್ ನಂಬೋ ಹಾಗಿಲ್ಲ. ಅದು ನಿನ್ನ ಕೆಲಸ."

"ಎಲ್ಲಾ ನನ್ನದೇ ಆದರೆ ನಿಮಗೆ ಉಳಿದದ್ದೇನು?"

"ಓಡಿಸೋದು," ಎಂದ ಭೋಜನ್, ಪೇಟ ಸರಿಮಾಡಿಕೊಂಡು.

ಓಡಿಸಿದ್ದು ಸುಳ್ಳಲ್ಲ. ಇಳಿಜಾರಿನಲ್ಲಿ ಚಿಕ್ಕ ಗೇರು, ತಿರುವಿನಲ್ಲಿ ಅಗಲವಾದ ಹೊರಳು, ಎದುರು ಬಸ್ಸು ಬಂದರೆ ಮೊದಲೇ ನಿಧಾನ. ಊಟಿ ದಾಟುವಷ್ಟರಲ್ಲಿ ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿದ್ದ. ಒಂದೇ ಕೊರತೆ, ಹಿಂದಕ್ಕೆ ಹಾಕುವ ವಿದ್ಯೆ ಒಲಿದಿರಲಿಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತಿತ್ತು. ಆದ್ದರಿಂದ ಹಿಂದಕ್ಕೆ ಹೋಗುವ ಪ್ರಸಂಗವೇ ಬಾರದಂತೆ ಬಾಳಬೇಕೆಂದು ಅವನು ನಿಶ್ಚಯಿಸಿದ್ದ.

ಹಟ್ಟಿಯ ಏರು ಬಂತು. ಮಾವನ ಅಂಗಳದ ಬಾಯಿ ದಾಟಿ ಸ್ವಲ್ಪ ಮೇಲೆ, ನಡುರಸ್ತೆಯಲ್ಲಿ, ಮಾದ ಗೌಡರೇ ನಾಲ್ಕಾರು ಹಿರಿಯರೊಂದಿಗೆ ನಿಂತಿದ್ದರು. ಹಿರಿಯರು ಕಂಡ ಮೇಲೆ ಗಾಡಿಯಲ್ಲೇ ಕೂತಿರುವುದು ಉಂಟೇ? ಭೋಜನ್ ಅಲ್ಲೇ ನಿಲ್ಲಿಸಿ, ಇಳಿದು, ಪೇಟ ತೆಗೆದು ತಲೆ ಬಾಗಿದ. ಕಲ್ಲು ಹಿಡಿದು ಇಳಿದ ಪಂಕಜಂಳಿಗೂ ಚಕ್ರಕ್ಕಿಂತ ಮೊದಲು ಅಪ್ಪ ಸಿಕ್ಕಿದರು. ಅವಳೂ ಬಾಗಿದಳು. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸಿ ಮುಗಿಸುವವರೆಗೆ ತಲೆ ಎತ್ತುವಂತಿಲ್ಲ, ಹಿರಿಯರೂ ನಡುವೆ ನಿಲ್ಲಿಸುವಂತಿಲ್ಲ.

"ಒಂದು ಒಂಬತ್ತಾಗಲಿ," ಎಂದು ಗೌಡರು ಗಂಭೀರವಾಗಿ ಆರಂಭಿಸಿದರು. "ಒಂಬತ್ತು ನೂರಾಗಲಿ..."

ಅಷ್ಟರಲ್ಲಿ ಅವರ ದನಿ ಇದ್ದಕ್ಕಿದ್ದಂತೆ ಓಟ ಕಿತ್ತಿತು. "ಹಟ್ಟಿತುಂಬಲಿಹಾಲುಕ್ಕಲಿಮಕ್ಕಳಾಗಲಿಮನೆಬೆಳಗಲಿ." ಮಾವನಿಗೆ ತನ್ನ ಮೇಲೆ ಇಷ್ಟೊಂದು ಪ್ರೀತಿಯೇ ಎಂದು ಭೋಜನ್‌ನ ಕಣ್ಣು ತುಂಬಿ ಬಂತು.

ತಲೆ ಎತ್ತಿ ನೋಡಿದರೆ ರಸ್ತೆಯಲ್ಲಿ ಗಾಡಿ ಇಲ್ಲ.

ಅದು ತನ್ನ ಪಾಡಿಗೆ ಹಿಂದಕ್ಕೆ ಜಾರಿ, ಟ್ರೈಲರನ್ನು ಮೊದಲು ಅಂಗಳದ ಬಾಯಿಗೆ ತೂರಿಸಿ, ಹಿಂದೆಯೇ ತಾನೂ ಹೊಕ್ಕು, ಹುಲ್ಲುಮೆದೆಗೆ ಒರಗಿ ನಿಂತಿತ್ತು. ಒಂದು ಸೌದೆ ಕೂಡ ಉದುರಿರಲಿಲ್ಲ. ಭೋಜನ್ ಎರಡು ಹೆಜ್ಜೆ ಅತ್ತ ಓಡಿದ. ಮರುಕ್ಷಣವೇ ಸುಧಾರಿಸಿಕೊಂಡ.

"ಅಲ್ಲೇ ನಿಲ್ಲಲಿ ಅಂತಲೇ ಬಿಟ್ಟಿದ್ದೆ, ಮಾಮ."

ಪಂಕಜಂ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಬೇಲಿಯಾಚೆ ಹಾಕಿದಳು. ಮಾದ ಗೌಡರು ಅಂಗಳಕ್ಕಿಳಿದು ಪಿಕಪ್ಪಿನ ಸುತ್ತ ಬಂದರು, ಬಾಗಿಲು ತಟ್ಟಿದರು, ಖಾಲಿ ಸೀಟನ್ನು ಬಹಳ ಹೊತ್ತು ನೋಡಿದರು.

"ಒಳ್ಳೇ ವಂಡಿ. ಮದುಮಗಳು ಇದರಲ್ಲೇ ಬರಲಿ."

ಭೋಜನ್ ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದ.

"ಓಡಿಸೋಕೆ ಧರ್ಮಲಿಂಗಂಗೆ ಹೇಳ್ತೀನಿ," ಎಂದರು ಗೌಡರು.

"ನಾನಿದ್ದೀನಲ್ಲ, ಮಾಮ?"

"ನೀ ಒಳಗಿಲ್ಲದಾಗ ಇದು ಎಷ್ಟು ಚೆನ್ನಾಗಿ ಹೋಗುತ್ತೆ ಅಂತ ಕಣ್ಣಾರೆ ಕಂಡೆನಲ್ಲಪ್ಪ. ನೀ ಬಸ್ಸಲ್ಲಿ ಬಾ."