ನಡ್ಕೋಂತ ಹೊಂಟ ಅಳಿಯ

ಇಂಗ್ಲೆಂಡಿನವನಿಗೆ ಇರುವ ಎರಡು ಕಾಲು ನನಗೂ ಇವೆ. ಈ ಮಾತನ್ನು ನಾನು ಶ್ರಾವಣದ ಒಂದು ಶನಿವಾರ ಸಂಜೆ, ಚುರುಮುರಿಯ ತಾಟು ಮುಂದಿಟ್ಟುಕೊಂಡು, ಹೆಂಡತಿ ರೋಹಿಣಿಯ ಎದುರು ಘೋಷಿಸಿದೆ. ಘೋಷಿಸಿದ್ದು ತಪ್ಪಲ್ಲ. ಆಕೆಯ ಎದುರು ಘೋಷಿಸಿದ್ದು ತಪ್ಪು.

ಇದಕ್ಕೆಲ್ಲ ಕಾರಣ ಮೊಬೈಲು. ಅದರಲ್ಲಿ ಇಂಗ್ಲೆಂಡಿನ ಒಬ್ಬ ಬಿಳಿ ಮುದುಕ ಬರುತ್ತಾನೆ. ಕೋಲು ಹಿಡಿದು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ನಡೆಯುತ್ತಾನೆ, ಅಷ್ಟೇ. ಬೇಲಿಯಾಚೆ ಕುರಿ ಮೇಯುತ್ತಿರುತ್ತವೆ, ಹಳ್ಳ ಹರಿಯುತ್ತಿರುತ್ತದೆ, ಎದುರಿಗೆ ಬಂದವರು ‘ಗುಡ್ ಮಾರ್ನಿಂಗ್’ ಅಂದು ದಾಟಿಹೋಗುತ್ತಾರೆ. ಕೊನೆಗೆ ಆತ ಆ ಹಳ್ಳಿಯ ಹೋಟೆಲಿನಲ್ಲಿ ಚಹಾ ಕುಡಿದು ಜನ್ಮ ಸಾರ್ಥಕವಾಯಿತೆಂಬಂತೆ ನಗುತ್ತಾನೆ. ಇದನ್ನು ಲಕ್ಷಾಂತರ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಯಾಕೆ, ನಮ್ಮ ಸಂಶಿಯ ಸುತ್ತ ಹಳ್ಳಿಗಳಿಲ್ಲವೇ? ಕುರಿಗಳಿಗೆ ಬರವೇ? ಚಹಾ ಅಂತೂ ಆತನದಕ್ಕಿಂತ ನಮ್ಮದು ಒಂದು ಕೈ ಮೇಲು.

"ನಾಳೆ ನಾನೂ ನಡೀತೀನಿ" ಎಂದೆ. "ಗುಡಗೇರಿತನಕ. ನಿಮ್ಮಪ್ಪನ ಮನ್ಯಾಗ ಚಾ ಕುಡದು ಬರ್ತೀನಿ."

ರೋಹಿಣಿ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಓಣಿ ತುದಿ ಅಂಗಡ್ಯಾಗ ಕಡ್ಡಿಪೆಟ್ಟಿಗಿ ತರಾಕ ಗಾಡಿ ತಗೊಂಡು ಹೋಗಾವರು ನೀವು."

"ಅದು ಕೆಲಸ. ಇದು ವಾಕಿಂಗು."

"ಅರ್ಧಾ ದಾರ್ಯಾಗ ಯಾರದರ ಗಾಡಿ ಹತ್ತತೀರಿ, ನೋಡಕೋರಿ."

ಇಲ್ಲಿ ನನಗೆ ಸಿಟ್ಟು ಬಂತು. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು, ಆಡಿದ ಮಾತಿನ ಮೇಲೆಯೇ ವ್ಯಾಪಾರ ಮಾಡಿದವನು ನಾನು. ದೇವರ ಜಗಲಿಯ ಕಡೆ ಕೈ ಚಾಚಿ ಹೇಳಿದೆ: "ಗಾಲಿ ಇದ್ದದ್ದು ಏನರ ಹತ್ತಿದ್ರ, ಈ ಶ್ರಾವಣ ಮುಗಿಯೂತನಕ ಮನ್ಯಾಗ ರೊಟ್ಟಿ ನಾ ಬಡಿತೀನಿ. ದೇವರಾಣಿ. ಹತ್ತಲಿಲ್ಲಂದ್ರ ದಿನಾ ಸಂಜಿಗೆ ನನಗ ಮಿರ್ಚಿ ಕರದು ಕೊಡಬೇಕು."

"ಆತು" ಎಂದಳು ರೋಹಿಣಿ. ವಾದವಿಲ್ಲ, ತಕರಾರಿಲ್ಲ. ಹೆಂಡತಿ ವಾದ ಮಾಡದೆ ಒಪ್ಪಿಕೊಂಡರೆ ಹುಷಾರಾಗಿರಬೇಕೆಂದು ನಮ್ಮ ಹಿರಿಯರು ಯಾಕೆ ಹೇಳಿಹೋಗಲಿಲ್ಲವೋ ನನಗೆ ಇವತ್ತಿಗೂ ತಿಳಿಯದು.

ಬೆಳಿಗ್ಗೆ ಹೊರಟೆ. ಕಾಲಿಗೆ ಹೊಸ ಬಿಳಿ ಬೂಟು, ತಲೆಗೆ ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟ ಟೊಪ್ಪಿಗೆ, ಕೋಲಿನ ಬದಲು ಕೊಡೆ, ಹೆಗಲಿಗೆ ಒಂದು ಚೀಲ. ಚೀಲದಲ್ಲಿ ಒಂದು ಜೊತೆ ಬಟ್ಟೆ. ಬೆವರಿದ ಅಂಗಿಯಲ್ಲಿ ಮಾವನ ಮನೆ ಹೊಗುವುದು ಬೇಡವೆಂದು ನನ್ನ ವಿಚಾರ. ಆ ಚೀಲವೇ ನನ್ನನ್ನು ಮುಳುಗಿಸಿತು.

ಊರು ದಾಟುವುದೇ ತಡ, ದಾವೂದಸಾಬನ ಮೂರು ಗಾಲಿಯ ಟಂಟಂ ಬಂದು ಬಾಜು ನಿಂತಿತು. ದಾವೂದಸಾಬ ನನ್ನ ಶಾಲೆಯ ಗೆಳೆಯ. ಸಂಶಿಯಿಂದ ಗುಡಗೇರಿಗೆ ಟಂಟಂನಲ್ಲಿ ಜನರನ್ನು ಹೇರಿಕೊಂಡು ಓಡಾಡುವುದು ಅವನ ಉದ್ಯೋಗ.

"ಯಾಕಲೇ ಸುಭಾಸ, ಗಾಡಿ ಕೆಟ್ಟೇತೇನು?"

"ಇಲ್ಲ. ಸುಮ್ಮನ ನಡ್ಕೋಂತ ಹೊಂಟೀನಿ."

"ಎಲ್ಲಿಗೆ?"

"ಮಾವನ ಮನಿಗೆ."

ಅವನು ಇಂಜಿನ್ ಬಂದ್ ಮಾಡಿದ. ಅವನ ಕಣ್ಣು ನನ್ನ ಮುಖದಿಂದ ಚೀಲಕ್ಕೆ ಇಳಿಯಿತು.

"ಚೀಲದಾಗೇನೈತಿ?"

"ಅರಿವಿ."

"ವೈನಿ ಎಲ್ಲಿ?"

"ಮನ್ಯಾಗ ಅದಾಳ."

"ಹತ್ತು, ನಾ ಬಿಡ್ತೀನಿ."

"ಹತ್ತಂಗಿಲ್ಲೋ. ನಿನ್ನಿ ದೇವರಾಣಿ ಮಾಡೀನಿ. ಹತ್ತಿದ್ರ ಆಕಿ ಮುಂದ ನನ್ನ ಮಾನ ಹೋಗತೈತಿ."

ಈಗ ನೀವೇ ಹೇಳಿ, ಇದರಲ್ಲಿ ಒಂದಾದರೂ ಸುಳ್ಳಿತ್ತೇ? ಆದರೆ ನಮ್ಮ ಕಡೆ ಅಳಿಯನಾದವನು ಮಾವನ ಊರಿಗೆ ಹೋಗುವ ಕ್ರಮವೇ ಬೇರೆ. ಹೆಂಡತಿಯನ್ನು ಕೂರಿಸಿಕೊಂಡು, ಫೇಡೆಯ ಡಬ್ಬಿ ಹಿಡಿದುಕೊಂಡು, ಗಾಡಿಯ ಹಾರನ್ ಹೊಡೆಯುತ್ತ ಹೋಗಬೇಕು. ಒಬ್ಬನೇ, ನಡೆದುಕೊಂಡು, ಬಟ್ಟೆಯ ಚೀಲ ಹೊತ್ತು ಹೊರಟನೆಂದರೆ ಅದಕ್ಕೆ ಒಂದೇ ಅರ್ಥ: ನಿಮ್ಮ ಮಗಳ ಜೊತೆ ಬಾಳುವೆ ನನಗೆ ಸಾಕಾಗಿದೆ. ಇದು ನನಗೆ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ತಲೆಯ ತುಂಬ ಇಂಗ್ಲೆಂಡ್ ತುಂಬಿಕೊಂಡಾಗ ಇಂಥದ್ದೆಲ್ಲ ಎಲ್ಲಿ ನೆನಪಾಗಬೇಕು?

"ಸಿಟ್ಟಿನ ಕೈಯಾಗ ಬುದ್ಧಿ ಕೊಡಬ್ಯಾಡಪಾ" ಎಂದ ದಾವೂದಸಾಬ. ಟಂಟಂ ತಿರುಗಿಸಿಕೊಂಡು ವಾಪಸ್ ಸಂಶಿಯ ಕಡೆ ಹೋದ. ಏನೋ ಮರೆತಿರಬೇಕು ಅಂದುಕೊಂಡು ನಾನು ಮುಂದೆ ನಡೆದೆ.

ಆಮೇಲೆ ಬಂದ ಬೈಕುಗಳೆಲ್ಲ ನಿಂತವು. ಒಬ್ಬ ಪೆಟ್ರೋಲ್ ತೀರಿತೇನೆಂದು ಕೇಳಿದ. ಇನ್ನೊಬ್ಬ ಗಾಡಿ ಮಾರಿದಿರೇನೆಂದು ಕೇಳಿದ. ಮತ್ತೊಬ್ಬ ಏನೂ ಕೇಳದೆ ನನ್ನ ಚೀಲವನ್ನೇ ಕಸಿದುಕೊಂಡು ಹ್ಯಾಂಡಲ್ಲಿಗೆ ಹಾಕಿಕೊಂಡ. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಜೀವ ಹೋಯಿತು. ಆ ಬಿಳಿ ಮುದುಕನನ್ನು ಯಾರಾದರೂ ಹೀಗೆ ಅಡ್ಡಗಟ್ಟಿದ್ದುಂಟೇ? ಮನುಷ್ಯ ತನ್ನ ಕಾಲ ಮೇಲೆ ತಾನು ನಡೆಯುವುದಕ್ಕೆ ಈ ತಾಲೂಕಿನಲ್ಲಿ ಯಾರ ಅಪ್ಪಣೆ ಬೇಕು? ಸಿಟ್ಟಿನಿಂದ ಡಾಂಬರು ರಸ್ತೆಯನ್ನೇ ಬಿಟ್ಟು ಹೊಲದ ದಾರಿ ಹಿಡಿದೆ.

ಹಿಂದಿನ ರಾತ್ರಿ ಮಳೆಯಾಗಿತ್ತು. ನಮ್ಮ ಎರೆಮಣ್ಣು ಬೀಗರಿದ್ದ ಹಾಗೆ, ಒಮ್ಮೆ ಹಿಡಿದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಹತ್ತು ಹೆಜ್ಜೆಗೆ ಬಿಳಿ ಬೂಟು ಕರಿ ಬೂಟಾಯಿತು. ಇನ್ನಷ್ಟು ನಡೆದ ಮೇಲೆ ಬೂಟು ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಗುತ್ತದೆಂಬುದೇ ತಿಳಿಯಲಿಲ್ಲ. ಒಂದೊಂದು ಕಾಲನ್ನೂ ಕೈಯಿಂದ ಎತ್ತಿಡುವ ಹೊತ್ತಿಗೆ, ಹೆಸರುಕಾಳಿನ ಹೊಲದಲ್ಲಿದ್ದ ಭೀಮಶಿ ಕೂಗಿದ. ಭೀಮಶಿ ನನ್ನ ಅಂಗಡಿಯ ಗಿರಾಕಿ.

"ಸಾವಕಾರ್ರ, ನಿಂದರ್ರಿ. ಟ್ರ್ಯಾಕ್ಟರ್ ತರ್ತೀನಿ, ಹತ್ತರಿ."

"ಬ್ಯಾಡ."

"ಗಂಡ-ಹೆಂಡತಿ ಜಗಳ ಉಂಡು ಮಲಗೂತನಕರಿ. ಭಾಳ ಮನಸಿಗೆ ಹಚಗೋಬ್ಯಾಡ್ರಿ."

"ಯಾರ ಜಗಳಲೇ?"

"ಈಗ ದಾವೂದಸಾಬ ಫೋನ್ ಹಚ್ಚಿದ್ದ. ನಿಮ್ಮ ಮ್ಯಾಲ ಒಂದು ಕಣ್ಣಿಡು ಅಂದಾನ."

"ನಾ ವಾಕಿಂಗ್ ಹೊಂಟೀನಿ!" ಎಂದು ಕಿರುಚಿದೆ.

"ಹೌದ್ರಿ, ಹೌದ್ರಿ" ಎಂದ ಭೀಮಶಿ, ಜ್ವರದ ಕೂಸಿಗೆ ಹೇಳಿದ ಹಾಗೆ.

ಅಲ್ಲಿಂದ ಮುಂದೆ ನಾನು ನಡೆದೆ, ನನ್ನ ಹಿಂದೆ ಅವನ ಟ್ರ್ಯಾಕ್ಟರ್ ನಡೆಯಿತು. ನಾನು ನಿಂತರೆ ಅದೂ ನಿಲ್ಲುತ್ತದೆ. ಹೊರಟರೆ ಅದೂ ಹೊರಡುತ್ತದೆ. ಹಕ್ಕಿಗಳ ದನಿ ಕೇಳಬೇಕೆಂದು ಮನೆ ಬಿಟ್ಟವನು ಗುಡಗೇರಿಯತನಕ ಡೀಸೆಲ್ ಇಂಜಿನ್ನಿನ ಭಜನೆ ಕೇಳಿದೆ. ಆದರೂ ಒಳಗೊಳಗೆ ಒಂದು ಸಮಾಧಾನವಿತ್ತು. ಗಾಲಿ ಇದ್ದದ್ದು ಯಾವುದನ್ನೂ ಹತ್ತಿರಲಿಲ್ಲ, ಊರು ಕಾಣಿಸುತ್ತಿತ್ತು, ಮಿರ್ಚಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಗುಡಗೇರಿಯ ಅಗಸಿ ಬಾಗಿಲಲ್ಲಿ ಜನ ನೆರೆದಿದ್ದರು. ಮುಂದೆ ಹಣೆತುಂಬ ವಿಭೂತಿಯ ನಮ್ಮ ಮಾವ ಮಡಿವಾಳೆಪ್ಪನವರು, ಅವರ ಬಾಜು ನಾಲ್ಕು ಮಂದಿ ಹಿರಿಯರು, ಹಿಂದೆ ದಾವೂದಸಾಬನ ಟಂಟಂ. ಟಂಟಂನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೆಗಲು ಕುಲುಕಿಸುತ್ತ ಕೂತಿದ್ದಳು ರೋಹಿಣಿ. ಅಯ್ಯೋ, ಅಳುತ್ತಿದ್ದಾಳಲ್ಲ ಅಂದುಕೊಂಡೆ.

"ಅಳಿಯಾರ, ನನ್ನ ಮಗಳು ಏನರ ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ" ಎಂದರು ಮಾವ.

"ಏನೂ ಆಗಿಲ್ರಿ ಮಾವಾರ. ಇಂಗ್ಲೆಂಡಿನಾಗ ಜನ ಹಿಂಗ ಊರಿಂದ ಊರಿಗೆ ನಡೀತಾರ್ರಿ. ಹಂಗ ನಾನೂ ನಡದು ಬಂದೆ."

"ಎದಕ್ಕ ನಡೀತಾರ?"

"ಸುಮ್ಮನರಿ."

"ಅಲ್ಲಿ ಬಸ್ ಇಲ್ಲೇನು?"

ಹಿರಿಯರು ಮುಖ ಮುಖ ನೋಡಿಕೊಂಡರು. ಒಬ್ಬರು ಮೆಲ್ಲಗೆ, "ಭಾಳ ನೊಂದಾರ ಪಾಪ, ಏನೇನೋ ಮಾತಾಡಾಕತ್ತಾರ" ಎಂದರು.

"ಇರಲಿ. ಮೊದಲ ಟಂಟಂ ಹತ್ತರಿ" ಎಂದರು ಮಾವ. "ಅಳಿಯ ಕೆಸರು ತುಳಕೋಂತ ನನ್ನ ಬಾಗಲಕ್ಕ ಬಂದ್ರ ಊರಾಗ ನಾ ಹ್ಯಾಂಗ ಮಾರಿ ಎತ್ತಲಿ?"

"ಮನಿ ಇಲ್ಲೇ ಕಾಣಸ್ತೈತಲ್ರಿ. ನಡದ ಬರ್ತೀನಿ."

ಅಷ್ಟಂದದ್ದೇ ತಪ್ಪಾಯಿತು. ಮಾವ ತಲೆಯ ರುಮಾಲು ತೆಗೆದರು. ಅದನ್ನು ನನ್ನ ಕೆಸರುಗಾಲ ಮೇಲೆ ಇಡಲಿಕ್ಕೆಂದು ಬಾಗಿದರು. ನನ್ನ ತಂದೆಯ ವಯಸ್ಸಿನವರು, ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಮಿರ್ಚಿ ಮರೆತೆ, ಆಣೆ ಮರೆತೆ, ಇಂಗ್ಲೆಂಡನ್ನಂತೂ ಪೂರ್ತಿ ಮರೆತೆ. ಅವರ ಎರಡೂ ಕೈ ಹಿಡಿದು ಎಬ್ಬಿಸಿ, ರುಮಾಲನ್ನು ಅವರ ತಲೆಯ ಮೇಲಿಟ್ಟು, ಟಂಟಂ ಹತ್ತಿ ರೋಹಿಣಿಯ ಬಾಜು ಕೂತೆ.

"ಹತ್ತಿದ್ರಿ" ಎಂದಳು ಸೆರಗಿನೊಳಗಿಂದ. ಹೆಗಲು ಇನ್ನೂ ಕುಲುಕುತ್ತಿತ್ತು. ನೋಡುತ್ತೇನೆ, ಕಣ್ಣಲ್ಲಿ ನೀರೇನೋ ಇದೆ, ನಕ್ಕು ನಕ್ಕು ಬಂದ ನೀರು.

"ದಾವೂದಗ ಏನು ಹೇಳಿದಿ ನೀ?"

"ಏನೂ ಇಲ್ರಿ. ಮನಿಗೆ ಬಂದು, ‘ವೈನಿ, ಜಗಳ ಆಗೇತೇನು?’ ಅಂತ ಕೇಳಿದ್ರು. ನಾ ಹೌದೂ ಅನ್ನಲಿಲ್ಲ, ಇಲ್ಲಾನೂ ಅನ್ನಲಿಲ್ಲ. ಒಂದು ದೊಡ್ಡ ಉಸರು ಬಿಟ್ಟೆ, ಅಷ್ಟ."

ಆಗದೇ ಇದ್ದ ಆ ಜಗಳವನ್ನು ಹಿರಿಯರು ಮಧ್ಯಾಹ್ನದವರೆಗೆ ಕೂತು ಬಗೆಹರಿಸಿದರು. ಇನ್ನು ಮುಂದೆ ಮನೆ ಬಿಟ್ಟು ಹೋಗುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡರು. ಅತ್ತೆ ಸಾವಿತ್ರೆವ್ವ ನಮ್ಮಿಬ್ಬರನ್ನೂ ಬಾಜು ಬಾಜು ಕೂರಿಸಿ ಹೋಳಿಗೆ ಬಡಿಸಿ, ನನ್ನ ತಾಟಿಗೆ ತುಪ್ಪ ಸುರಿಯುತ್ತ, "ಆಕಿ ಸಣ್ಣಾಕಿದ್ದಾಗಿಂದ ಹಟಮಾರಿರಿ, ನಿಮಗ ಭಾಳ ತ್ರಾಸ ಆಗೇತಿ" ಎಂದರು. ಆ ಇಡೀ ದಿನದಲ್ಲಿ ನಾನು ಕೇಳಿದ ಒಂದೇ ನ್ಯಾಯದ ಮಾತು ಅದು.

ಈಗ ದಿನಾ ರೊಟ್ಟಿ ನನ್ನದೇ. ತಟ್ಟಿದರೆ ಹರಿಯುತ್ತದೆ, ಎತ್ತಿದರೆ ಮುರಿಯುತ್ತದೆ, ಹಂಚಿಗೆ ಬಿದ್ದರೆ ಕೈ ಸುಡುತ್ತದೆ. ಮೊನ್ನೆ ಒಂದನ್ನು ರೋಹಿಣಿ ಬೆಳಕಿಗೆ ಹಿಡಿದು ನೋಡಿ, "ಇದು ಅಗದಿ ಇಂಗ್ಲೆಂಡ್ ನಕಾಶೆ ಆಗೇತ್ರಿ" ಎಂದಳು. ಸಿಟ್ಟಿನಿಂದ ಅದನ್ನು ನಾನೇ ತಿಂದೆ.

ನಿನ್ನೆ ಹಿಟ್ಟು ತೀರಿತು. ಜೋಳದ ಚೀಲ ಹೆಗಲಿಗೇರಿಸಿಕೊಂಡು ಓಣಿ ತುದಿಯ ಗಿರಣಿಗೆ ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ದಾವೂದಸಾಬನ ಟಂಟಂ ಬಂದು ಬಾಜು ನಿಂತಿತು. ಅವನು ನನ್ನ ಮುಖ ನೋಡಿದ. ಚೀಲ ನೋಡಿದ.

"ಮತ್ತೇನಾತಲೇ?" ಎಂದ.

ನಾನು ಚೀಲ ಸಮೇತ ಹತ್ತಿ ಕೂತೆ.