ಗೋದಾಮಿನ ಯಂತ್ರಕ್ಕೆ ಬಂದ ಮುಪ್ಪು

ಹಿಂದಿನ ಸಂಜೆ ಸಿಸ್ಟಮಣ್ಣನ ಕೈ ತುರಿಸಿದ್ದೇ ಎಲ್ಲಕ್ಕೂ ಮೂಲ. ಔಷಧಿ ಗೋದಾಮಿನ ಲೆಕ್ಕವೆಲ್ಲ ಇಟ್ಟ ಸರ್ವರ್ ಯಂತ್ರ ನೋಡಿಕೊಳ್ಳುವ ಅವನಿಗೆ ಎಲ್ಲರೂ ಇಟ್ಟ ಹೆಸರು ಅದು. ಡಿಸ್ಕಿನಲ್ಲಿ ಜಾಗ ಸಾಲದೆಂದು ಅವನು ಅದರೊಳಗೆ ಖಾಲಿ ಬಿದ್ದಿದ್ದ ಒಂದು ವಾಲ್ಯೂಮನ್ನು, ಅಂದರೆ ಡಿಸ್ಕಿನೊಳಗೆ ಮಾಡಿಕೊಂಡ ಒಂದು ಕೋಣೆಯನ್ನು, ಅಳಿಸಿಹಾಕಿದ್ದ. ಯಂತ್ರ ಎದ್ದಾಗ ಯಾವ ಯಾವ ಕೋಣೆ ತೆರೆಯಬೇಕೆಂದು ಬರೆದಿಟ್ಟ ಕಡೆ ಅದರ ಹೆಸರು ಅಳಿಸುವುದನ್ನು ಮಾತ್ರ ಮರೆತಿದ್ದ.

ಬೆಳಗ್ಗೆ ಕರೆಂಟು ಹೋಗಿ ಬಂತು. ಯಂತ್ರವನ್ನು ನಡೆಸುವ ಲಿನಕ್ಸ್ ತಂತ್ರಾಂಶ ಏಳಲು ಹೊರಟು, ಇಲ್ಲದ ಕೋಣೆಗಾಗಿ ಹುಡುಕಾಡಿ, ಬಾರದ ಅಳಿಯನಿಗಾಗಿ ಯಾರಿಗೂ ಊಟ ಬಡಿಸದ ಅತ್ತೆಯಂತೆ ಕಾದು ಕುಳಿತಿತು. ಕೊನೆಗೆ 'ಎಮರ್ಜೆನ್ಸಿ ಮೋಡ್' ಎಂದು ತೋರಿಸಿ ಸುಮ್ಮನಾಯಿತು. ಯಾವ ಔಷಧಿ ಯಾವ ಕಪಾಟಿನಲ್ಲಿದೆಯೆಂದು ಆ ಯಂತ್ರಕ್ಕಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಲಾರಿಗಳು ಸಾಲುಗಟ್ಟಿದವು. ವರ್ಷಗಟ್ಟಲೆ ಟೆಂಪರರಿಯಾಗಿ ಸವೆದ ಸಿಸ್ಟಮಣ್ಣನ ಕೆಲಸವನ್ನು ಕಾಯಂ ಮಾಡುವುದಾಗಿ ಯಜಮಾನರು ಹೇಳಿದ್ದು ಅಂದೇ ಸಂಜೆಗೆ.

"ಆಫ್ ಮಾಡಿ ಆನ್ ಮಾಡು," ಎಂದರು ಲೆಕ್ಕ ನೋಡುವ ಅಕ್ಕ.

"ನಾಲ್ಕು ಸಲ ಮಾಡಿದೆ ಅಕ್ಕ."

"ಐದನೇ ಸಲ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಲಾರಿ ಡ್ರೈವರ್ ಒಳಗೆ ಬಂದು ಯಂತ್ರದ ಪಕ್ಕೆಗೆ ಎರಡು ಬಾರಿಸಿದ. "ನನ್ನ ಗಾಡಿ ಇದಕ್ಕೇ ಬಗ್ಗೋದು." ಯಂತ್ರಕ್ಕೆ ಸೆಖೆಯಾಗಿರಬೇಕೆಂದು ಸೂಪರ್‌ವೈಸರ್ ಫ್ಯಾನ್ ತಂದ. ಅದರ ಪ್ಲಗ್ಗಿಗೆ ಜಾಗ ಮಾಡಲು ಅವನು ಕಿತ್ತದ್ದು ಮಾನಿಟರಿನ ಪ್ಲಗ್ಗು. ಪರದೆ ಕಪ್ಪಾಯಿತು.

"ಹೋಯ್ತು, ಇದ್ದ ಜೀವಾನೂ ಹೋಯ್ತು," ಎಂದು ಅಕ್ಕ ತಲೆಯ ಮೇಲೆ ಕೈಹೊತ್ತರು.

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ಯಾರ ಕೆಲಸ ಇದು?"

ಸಿಸ್ಟಮಣ್ಣ ಮುಂದೆ ಬಂದ. "ಯಾರದ್ದೂ ಅಲ್ಲ ಸರ್. ಯಂತ್ರಕ್ಕೆ ವಯಸ್ಸಾಯ್ತು. ಡಿಸ್ಕು ಸವೆದು ಹೋಗಿದೆ."

"ನಾನು ಮೊದಲೇ ಅಂದಿದ್ದೆ," ಎಂದರು ಅಕ್ಕ. "ಮಧ್ಯಾಹ್ನ ಆದ್ರೆ ಗೊರಗೊರ ಅಂತಿತ್ತು." ಆ ಹೊತ್ತಿಗೆ ಗೊರಕೆ ಹೊಡೆಯುವವನು ಸೂಪರ್‌ವೈಸರ್ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೌದೆಂದು ಎಲ್ಲರಿಗಿಂತ ಮೊದಲು ತಲೆಯಾಡಿಸಿದವನೂ ಅವನೇ.

ಸಿಸ್ಟಮಣ್ಣ ಎಲ್ಲರನ್ನೂ ಹೊರಗೆ ಅಟ್ಟಿ, ಮಾನಿಟರ್ ಜೋಡಿಸಿ, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, ಕೆಡವಿದ ಕೋಣೆಯ ಹೆಸರಿದ್ದ ಒಂದೇ ಒಂದು ಸಾಲನ್ನು ಅಳಿಸಿದ. ಯಂತ್ರ ಏನೂ ಆಗಿಲ್ಲವೆಂಬಂತೆ ಎದ್ದು ಕುಳಿತಿತು. ಲಾರಿಗಳು ಹೊರಟವು, ಡ್ರೈವರ್ ತನ್ನ ಏಟಿನ ಮಹಿಮೆ ಹೊಗಳಿಕೊಳ್ಳುತ್ತ ಹೋದ. ಸಿಸ್ಟಮಣ್ಣನಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಯಜಮಾನರು ಅವನನ್ನು ಕರೆಸಿದರು.

"ಸಾಯ್ತಾ ಇದ್ದ ಯಂತ್ರಾನ ಎಬ್ಬಿಸಿದೆ. ಬೇರೆಯವರಾಗಿದ್ರೆ ಏನಾದ್ರೂ ಸುಳ್ಳು ಹೇಳಿ ಜಾರ್ಕೊಳ್ತಿದ್ರು."

ಅವನು ವಿನಯದಿಂದ ತಲೆ ತಗ್ಗಿಸಿದ.

"ಆದ್ರೆ ನೀನು ಹೇಳಿದ್ದೇ ಸರಿ. ಮುದಿ ಯಂತ್ರ ನಂಬ್ಕೊಂಡು ಔಷಧಿ ವ್ಯವಹಾರ ಮಾಡೋಕಾಗಲ್ಲ. ಹೊಸದಕ್ಕೆ ಹೇಳಿಬಿಟ್ಟೆ. ಮಾರೋ ಕಂಪನಿಯವರೇ ನೋಡ್ಕೊಳ್ತಾರಂತೆ, ಇಲ್ಲಿ ಬೇರೆ ಆಳು ಬೇಕಾಗಲ್ಲ."

"ಸರ್, ಈ ಡಿಸ್ಕು ಇನ್ನೂ ಹತ್ತು ವರ್ಷ ಬರುತ್ತೆ," ಎಂದು ಅವನು ತೊದಲಿದ.

"ಹಾಗಾದ್ರೆ ಬೆಳಗ್ಗೆ ಏನಾಗಿತ್ತು?"

ನಿಜ, ಸುಳ್ಳು ಎರಡು ದಾರಿಯೂ ಹೊರಗಿನ ಬಾಗಿಲಿಗೇ ಹೋಗುವುದು ಸಿಸ್ಟಮಣ್ಣನಿಗೆ ಕಾಣಿಸಿತು.

"ವಯಸ್ಸು, ಸರ್," ಎಂದ.

"ಅದನ್ನೇ ನಾನೂ ಹೇಳಿದ್ದು." ಯಜಮಾನರು ಎದ್ದು ಬಂದು ಅವನ ಹೆಗಲು ತಟ್ಟಿದರು. "ಹೋಗುವಾಗ ಈ ಹಳೇದನ್ನ ನೀನೇ ಮನೆಗೆ ತಗೊಂಡ್ಹೋಗು. ನಿನ್ನ ಬಿಟ್ರೆ ಪಾಪ, ಅದು ಯಾರ ಮಾತೂ ಕೇಳಲ್ಲ."